ಅಕ್ಕನ ಚಿನ್ನ

ಬರ್ಮಿಂಗ್‌ಹ್ಯಾಮಿನ ಹಾಕ್ಲಿಯಲ್ಲಿ, ಬೆಸುಗೆಯ ಹೊಗೆ ಹಿಡಿದ
ಹಳೆಯ ಕಾರ್ಖಾನೆಯ ಮೇಲ್ಮಹಡಿ.
ತಿಂಗಳ ಮೂರನೇ ಗುರುವಾರ ನಮ್ಮ ಸಿನಿಮಾ.
ನಲವತ್ತು ಮಡಚುವ ಕುರ್ಚಿ, ಒಂದು ಪರದೆ,
ಬಾಗಿಲಲ್ಲಿ ಗ್ಲೆನಿಸ್ ಕೊಡುವ ಚೀಟಿ.
ಅದರ ಅಂಚಿನಲ್ಲಿ ಒಂದರಿಂದ ಐದು;
ಮುಗಿದ ಮೇಲೆ ನಿನ್ನ ಅಂಕಿಯ ಹತ್ತಿರ ಹರಿ,
ಬಕೆಟ್ಟಿಗೆ ಹಾಕಿ ಹೋಗು.
ಪೆನ್ನು ಬೇಡ. ಕಾರಣವೂ ಬೇಡ.

ಇವತ್ತಿನದು ಒಂದು ಮನೆತನದ ಪಾತಕ.
ಕಾಲುವೆ ದಂಡೆಯ ಗುಜರಿ ಅಂಗಡಿ,
ಮೂವರು ಅಣ್ಣತಮ್ಮಂದಿರು, ಲೆಕ್ಕ ಬರೆಯುವ ಅಕ್ಕ,
ಕೆಮ್ಮುತ್ತ ಸಿಗರೇಟು ಸೇದುವ ತಾಯಿ.
ಕದ್ದ ತಾಮ್ರದ ತಂತಿಯಿಂದ ಶುರುವಾಗಿ
ಚಹಾ ಬಿಡುವಿನ ಹೊತ್ತಿಗೆ ಎರಡು ಹೆಣ.

ನಾನು ಹಗಲೆಲ್ಲ ಚಿನ್ನ ಪರೀಕ್ಷಿಸುವವನು.
ಈಗ ಯಂತ್ರವಿದೆ, ಉಂಗುರ ಇಟ್ಟರೆ ಅಂಕಿ ಉಗುಳುತ್ತದೆ.
ಆದರೂ ಡ್ರಾಯರಿನಲ್ಲಿ ಅಪ್ಪನ ಒರೆಗಲ್ಲು ಇದೆ,
ತುದಿಗೆ ಚಿನ್ನ ಕೂರಿಸಿದ ಕಡ್ಡಿಗಳು:
ಇಪ್ಪತ್ತೆರಡು, ಹದಿನೆಂಟು, ಒಂಬತ್ತು.
(ಈ ದೇಶದಲ್ಲಿ ಒಂಬತ್ತಕ್ಕೂ ಚಿನ್ನವೆಂದೇ ಹೆಸರು.)
ಗೊತ್ತಿರುವುದರ ಗೆರೆ ಮೊದಲು,
ಪಕ್ಕದಲ್ಲಿ ಗೊತ್ತಿಲ್ಲದ್ದರ ಗೆರೆ,
ಮೇಲೊಂದು ಹನಿ ಆಮ್ಲ.
ಯಾವುದು ಉಳಿಯಿತು, ನೋಡು.

ಕತ್ತಲೆಯಲ್ಲಿ ಕೂತು ಹಾಗೇ ಎಳೆದೆ.
ಇಪ್ಪತ್ತೆರಡು: ಆ ಹಳೆಯ ಕಪ್ಪುಬಿಳುಪು.
ಕೊಂದು ಬಂದ ಮಗನನ್ನು ತಾಯಿ ಏನೂ ಕೇಳದೆ
ನೀರು ಕಾಯಿಸುತ್ತಾಳೆ, ಅಂಗಿ ನೆನೆಹಾಕುತ್ತಾಳೆ.
ಬಕೆಟ್ಟಿನ ನೀರು ಮಾತ್ರ ಕಾಣುತ್ತದೆ ನಮಗೆ,
ಅದರ ಬಣ್ಣ ಯಾವುದೆಂದು ಇವತ್ತಿಗೂ ಗೊತ್ತಿಲ್ಲ.
ಹದಿನೆಂಟು: ಮನೆಮಂದಿಯೆಲ್ಲ ಫೋಟೋಕ್ಕೆ ನಿಂತಾಗ
ಕಿರಿಯವನು ಸರಿದು, ಪಕ್ಕದಲ್ಲಿ
ಒಬ್ಬನಿಗೆ ಆಗುವಷ್ಟು ಜಾಗ ಬಿಡುತ್ತಾನಲ್ಲ, ಅದು.

ಇದು?
ಆಕಾಶದಿಂದ ತೆಗೆದ ಕಾಲುವೆ, ನಿಧಾನಕ್ಕೆ ಬೀಳುವ ಗಾಜು.
“ನಾವೆಲ್ಲ ಒಂದೇ ರಕ್ತ” ಎಂದು ತಾಯಿ
ಮೂರು ಸಲ ಹೇಳಿದಳು, ನಾನು ಎಣಿಸಿದೆ.
ಹೇಳಿದಷ್ಟೂ ತಾಮ್ರ ಬೆರೆಯುತ್ತ ಹೋಯಿತು.
“ಗುಜರಿಯವನ ಬೂಟು ನೋಡು,
ನನ್ನ ಮದುವೆಯಲ್ಲೂ ನನ್ನವು ಅಷ್ಟು ಹೊಳೆಯಲಿಲ್ಲ,”
ಪಿಸುಗುಟ್ಟಿದ ಡೆಸ್ಮಂಡ್.

ಆಮೇಲೆ ಒಂದು ದೃಶ್ಯ.
ಅರ್ಧ ನಿಮಿಷವೂ ಇರಲಿಕ್ಕಿಲ್ಲ.
ಕಿರಿಯವನು ತೂಕ ಮಾಡುತ್ತಿದ್ದಾನೆ,
ಹೆಬ್ಬೆರಳು ತಕ್ಕಡಿಯ ಮೇಲೆ.
ಅಕ್ಕ ಕಾಣುತ್ತಾಳೆ.
ಅವನು ಹೇಳಿದ ಅಂಕಿಯನ್ನೇ ಬರೆಯುತ್ತಾಳೆ.

ಅಕ್ಕನ ಚಿನ್ನವಾದರೂ ಅಕ್ಕಸಾಲಿ ಬಿಡ,
ಊರು ನಮ್ಮ ಮೇಲೆ ಕಟ್ಟಿದ ಗಾದೆ.
ರಾಣೆಬೆನ್ನೂರಿನ ಆ ಅಗ್ಗಿಷ್ಟಿಕೆಯ ಮುಂದೆ
ಊದುಗೊಳವೆ ಹಿಡಿದು ಕೂತವನು ನಾನು.
ಕಾಳಮ್ಮತ್ತೆ ತನ್ನ ಬಳೆ ಕರಗಿಸಲು ತಂದಿದ್ದಳು,
ಮಗಳ ಓಲೆಗೆ.
ಅಪ್ಪನ ಬೆರಳ ಸಂದಿಯನ್ನು ಅವಳು ಕಂಡಳು.
ನಾನೂ ಕಂಡೆ.
ಅವಳು ಕಂಡದ್ದನ್ನು ಕಂಡೆ.
ತೂಗಿದರೆ ಒಂದು ಗುಂಜಿ ಕಮ್ಮಿ.
ಅಪ್ಪ ಬಾಯಿ ತೆರೆಯುವ ಮೊದಲೇ ಅವಳೆಂದಳು:
“ಬೆಂಕಿ ತಿಂದಿರಬೇಕು, ಬಿಡೋ ತಮ್ಮಾ.”
ಮರುವರ್ಷ ಗೆಜ್ಜೆಟೀಕೆಯನ್ನೂ
ಅವನಿಗೇ ತಂದು ಕೊಟ್ಟಳು.

ಪರದೆಯ ಅಕ್ಕ ಅಷ್ಟಕ್ಕೆ ನಿಲ್ಲಲಿಲ್ಲ, ನಿಲ್ಲಿಸಲಿಲ್ಲ ಅವಳನ್ನು.
ಕೊನೆಗೆ ಕಟಕಟೆ ಹತ್ತಿಸಿದರು,
ಪಿಟೀಲು ಅಳತೊಡಗಿತು,
ಕಂಡದ್ದೆಲ್ಲವನ್ನೂ ಒದರಿದಳು ಪಾಪ,
ತಕ್ಕಡಿ, ಹೆಬ್ಬೆರಳು, ಎಲ್ಲ.
ಕಲ್ಲಿನ ಮೇಲೆ ಹಸಿರು ನೊರೆ.

ದೀಪ ಬಂತು. ನಲವತ್ತು ಚೀಟಿ ಹರಿಯುವ ಸದ್ದು.
ಡೆಸ್ಮಂಡ್ ಎರಡಕ್ಕೆ ಹರಿದು ಟೋಪಿ ಹುಡುಕಿದ.
ಎರಡೇ ಸರಿ, ನ್ಯಾಯವಾಗಿ.
ಆದರೆ ಆ ಅರ್ಧ ನಿಮಿಷ?
ಗುಂಜಿಗೆ ಅಂಕಿ ಎಲ್ಲಿದೆ ಈ ಅಂಚಿನಲ್ಲಿ?
ಎರಡಕ್ಕೂ ಮೂರಕ್ಕೂ ನಡುವೆ ಹರಿಯಲು ಹೋಗಿ
ಒಂದು ಚೂರು ಕಿತ್ತು ಕೈಗೆ ಬಂತು.

ಗ್ಲೆನಿಸ್ ಬಕೆಟ್ಟು ಚಾಚಿದಳು.
ಚೀಟಿ ಹಾಕಿದೆ.
ಚೂರು ಬೆರಳ ಸಂದಿಯಲ್ಲೇ ಇತ್ತು.
ಅವಳು ನೋಡಿದಳೋ ಏನೋ,
“ಹೊರಗೆ ಮಂಜು ಬಿದ್ದಿದೆ, ಮೆಟ್ಟಿಲು ಜೋಪಾನ” ಎಂದಳು.